ಖಾಸಬಾಗದ ಬಾವಿಯಲ್ಲಿ ಮೂರು ಬಡಿತ

ಆ ರಾತ್ರಿ ಕರೆಂಟು ಹೋಗದೇ ಇದ್ದಿದ್ದರೆ ನೇತ್ರಾಗೆ ಏನೂ ಕೇಳಿಸುತ್ತಿರಲಿಲ್ಲ.

ಖಾಸಬಾಗದ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಹಗಲೂ ರಾತ್ರಿಯೂ ಇರುತ್ತದೆ. ಖಟಕ್ ಖಟಕ್... ಖಟಕ್ ಖಟಕ್... ಅದರ ನಡುವೆಯೇ ಹುಟ್ಟಿದವರಿಗೆ ಅದು ಸದ್ದೇ ಅಲ್ಲ. ನೇತ್ರಾ ಪೀರನವಾಡಿ ಕಡೆಯ ಒಂದು ದವಾಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ, ಕೊನೆಯ ಬಸ್ಸಿಳಿದು, ಚಪ್ಪಲಿ ಎಳೆಯುತ್ತ ಓಣಿಗೆ ಕಾಲಿಟ್ಟಿದ್ದಳು. ಹನ್ನೊಂದು ದಾಟಿತ್ತು. ಮೊದಲು ಬೇವಿನ ಮರ. ಅದರ ಬುಡದಲ್ಲಿ ಹಳೆಯ ಬಾವಿ. ಬಾವಿಯ ಬಾಯಿಗೆ ಸಿಮೆಂಟಿನ ಚಪ್ಪಡಿ.

ಅವಳು ಅಲ್ಲಿಗೆ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

ಆಗ ಕೇಳಿತು...

ಠಣ್... ಠಣ್... ಠಣ್.

ಮೇಲಿಂದಲ್ಲ. ಬಾಜೂ ಮನೆಯಿಂದಲ್ಲ. ಚಪ್ಪಡಿಯ ಕೆಳಗಿಂದ. ಕಲ್ಲು ತೆಗೆದುಕೊಂಡು ಕಬ್ಬಿಣದ ಬಕೆಟ್ಟಿಗೆ ಬಡಿದ ಸದ್ದು. ಹೂಳು ತುಂಬಿದ ಬಕೆಟ್ಟಾದರೆ ಸದ್ದು ಮೊಂಡಾಗಿರುತ್ತದೆ. ಇದು ಖಾಲಿ ಬಕೆಟ್ಟು.

ಬೇರೆ ಯಾರಾದರೂ ಓಡುತ್ತಿದ್ದರು. ನೇತ್ರಾ ಓಡಲಿಲ್ಲ. ಅವಳಿಗೆ ಆ ಬಡಿತದ ಅರ್ಥ ಗೊತ್ತಿತ್ತು.

ಅವಳ ಅಪ್ಪ ಮುತ್ತಪ್ಪ. ಖಾನಾಪುರ ತಾಲೂಕಿನ ನಂದಗಡದವನು. ಬಾವಿಗಿಳಿದು ಹೂಳು ತೆಗೆಯುವುದೇ ಅವನ ಕೆಲಸ. ಈ ಊರಿನಲ್ಲಿ ಬಾವಿಗಳಿಗೆ ಲೆಕ್ಕವಿಲ್ಲ, ಅವನು ಇಳಿಯದ ಬಾವಿಯೂ ಕಡಿಮೆ. ಕೆಳಗೆ ಅವನು, ಮೇಲೆ ಹಗ್ಗ ಹಿಡಿದು ಗುರುಪುತ್ರಪ್ಪ. ಹದಿನೆಂಟು ವರ್ಷ ಇಬ್ಬರದೂ ಒಂದೇ ಜೋಡಿ. ಆಳದ ಬಾವಿಯಲ್ಲಿ ಮಾತು ಕೆಡುತ್ತದೆ. ಕೂಗಿದ್ದು ಮೇಲೆ ಬರುವಷ್ಟರಲ್ಲಿ ಬರೀ ಗುಂಯ್‌ಗುಟ್ಟುತ್ತದೆ. ಅದಕ್ಕೇ ಬಡಿತ. ಒಂದು ಬಡಿದರೆ ಹಗ್ಗ ಸಡಿಲು ಬಿಡು. ಎರಡು ಬಡಿದರೆ ಬಕೆಟ್ಟು ಎಳಿ. ಮೂರು ಬಡಿದರೆ... ನನ್ನ ಎಳಿ.

ಮೇಲಿದ್ದವನಿಗೆ ಒಂದೇ ಕಟ್ಟಳೆ. ಹಗ್ಗದ ತುದಿ ತನ್ನ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಗಿಡಕ್ಕಲ್ಲ, ಗೂಟಕ್ಕಲ್ಲ. ಬೀಡಿ ಸೇದಲು ಕೂಡ ಆ ಜಾಗ ಬಿಡಬಾರದು.

ಐದು ವರ್ಷದ ಹಿಂದೆ ಮುತ್ತಪ್ಪ ಈ ಬಾವಿಯಲ್ಲೇ ಸತ್ತ. ತಳದಲ್ಲಿ ವಿಷಗಾಳಿ ತುಂಬಿತ್ತು. ಇಳಿಯುವ ಮೊದಲು ಕಂದೀಲು ಬಿಟ್ಟು ನೋಡಬೇಕಿತ್ತು. ದೀಪ ಆರಿದರೆ ಇಳಿಯುವಂತಿಲ್ಲ. ಹೂಳು ತೆಗೆಸುವ ಕೆಲಸ ಹಿಡಿದಿದ್ದ ಗುತ್ತಿಗೆದಾರನಿಗೆ ಅಷ್ಟು ಪುರಸೊತ್ತು ಇರಲಿಲ್ಲ. ಆದರೆ ಪಂಚನಾಮೆಯ ಕಾಗದದಲ್ಲಿ ಬರೆದದ್ದು ಬೇರೆ. ಮುತ್ತಪ್ಪ ಕುಡಿದಿದ್ದ, ಬೇಡವೆಂದರೂ ತಾನೇ ಇಳಿದ, ಕೆಳಗಿನಿಂದ ಯಾವ ಬಡಿತವೂ ಬರಲಿಲ್ಲ. ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದವನು ಗುರುಪುತ್ರಪ್ಪ.

ಮುತ್ತಪ್ಪನ ಕೊರಳಲ್ಲಿ ತುಳಸಿ ಮಾಲೆ ಇತ್ತು. ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ ಮಾಳಕರಿ ಅವನು. ಹೆಂಡದ ವಾಸನೆ ಬಂದರೆ ಓಣಿ ಬದಲಿಸಿ ಹೋಗುತ್ತಿದ್ದ. ಅಂಥವನಿಗೆ ಕುಡುಕ ಅನ್ನುವ ಹೆಸರು ಬಂತು. ಬಾವಿಗೆ ಚಪ್ಪಡಿ ಬಂತು. ರಾತ್ರಿ ಏನೋ ಬಡಿಯುತ್ತದೆ ಅನ್ನುವ ಸುದ್ದಿಯೂ ಬಂತು. ಕೋಟೆಯ ಕಂದಕದ ದೆವ್ವ, ಕ್ಯಾಂಪಿನ ಬಂಗಲೆಯ ದೆವ್ವ ಎಂದು ಹೇಳಿಕೊಳ್ಳುವ ಊರಿಗೆ ಇನ್ನೊಂದು ಸಿಕ್ಕಿತು... ಕುಡುಕನ ಬಾವಿ. ನೇತ್ರಾ ಇದನ್ನೆಲ್ಲ ಕೇಳಿಸಿಕೊಂಡೂ ನಂಬಿದ್ದು ಒಬ್ಬನನ್ನೇ. ಗುರುಪುತ್ರಪ್ಪ ಕಾಕಾನನ್ನು. "ಬಡಿತ ಬರಲಿಲ್ಲ ಮಗಳ, ಬಂದಿದ್ರ ನಾ ಬಿಡತಿದ್ನೇನು?" ಎಂದು ಅವನು ಅತ್ತಿದ್ದ. ಕುಡಿದಿದ್ದ ಅನ್ನುವುದು ಬೇರೆಯವರು ಬರೆಸಿದ್ದು, ಓದಲು ಬಾರದೆ ತಾನು ಹೆಬ್ಬೆಟ್ಟು ಒತ್ತಿದ್ದು ಎಂದಿದ್ದ. ಅವಳ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವನೂ ಅವನೇ.

ಮತ್ತೆ ಬಂತು. ಠಣ್... ಠಣ್... ಠಣ್.

ನೇತ್ರಾ ಬೇವಿನ ಮರಕ್ಕೆ ಕೈಕೊಟ್ಟು ಎಣಿಸಿದಳು. ಮೂರು... ಬಿಡುವು. ಮೂರು... ಬಿಡುವು. ಒಂದಕ್ಕಿಂತ ಒಂದು ಮೆಲ್ಲಗೆ. ಮೊದಲಿನದೂ ಸೇರಿ ಆರು ಸಲ ಹೀಗೇ. ಏಳನೆಯ ಸಲ ಎರಡೇ ಬಂತು. ಠಣ್... ಠಣ್...

ಮೂರನೆಯದಕ್ಕೆ ಕಾದಳು. ಬರಲಿಲ್ಲ.

ಕರೆಂಟು ಬಂತು. ಖಟಕ್ ಖಟಕ್...

ಅವಳು ಮನೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಆ ಬಾವಿಗೆ ಮಣ್ಣು ತುಂಬಿ ಕಾಯಂ ಮುಚ್ಚುವವರಿದ್ದರು. ಅದೇ ಗುತ್ತಿಗೆದಾರ. ಓಣಿಯವರೆಲ್ಲ ಸಹಿ ಹಾಕಿ ಕೊಟ್ಟಿದ್ದರು. ಒಮ್ಮೆ ಮಣ್ಣು ಬಿತ್ತೆಂದರೆ ಕೇಳುವುದೂ ಮುಗಿಯಿತು, ಹೇಳುವುದೂ ಮುಗಿಯಿತು. ಅಪ್ಪನ ಹೆಸರಿಗೆ ಅಂಟಿದ್ದು ಹಾಗೇ ಉಳಿಯುತ್ತದೆ.

ಗುರುಪುತ್ರಪ್ಪನ ಮನೆ ಬಾಗಿಲು ಸಣ್ಣಗೆ ತಟ್ಟಿದಳು. ಅವನ ಹೆಂಡತಿ ಗಂಗಾದೇವಿ ಬಾಗಿಲು ತೆಗೆದಳು.

"ಯಾಕವ್ವಾ, ಇಷ್ಟೊತ್ತಿನಾಗ?"

"ಕಾಕಾ ಮಲಗ್ಯಾರೇನು ಕಾಕು?"

"ಅವರು ಎಲ್ಲಿ ಮಲಗತಾರ..." ಗಂಗಾದೇವಿ ಪಿಸುಗುಟ್ಟಿದಳು. "ಐದು ವರ್ಷಾತು, ಗ್ವಾಡಿಗೆ ಆತು ಕುಂತಿರತಾರ."

ಹಾಗೇ ಕೂತಿದ್ದ. ನೀರಿನ ಟಾಕಿಯ ಕಾವಲುಗಾರನ ಖಾಕಿ ಅಂಗಿ ಗೂಟಕ್ಕೆ ತೂಗುತ್ತಿತ್ತು. ಆ ನೌಕರಿ ಅವನಿಗೆ ಸಿಕ್ಕಿದ್ದು ಮುತ್ತಪ್ಪ ಸತ್ತ ತಿಂಗಳಲ್ಲೇ. ಕೊಡಿಸಿದವನು ಗುತ್ತಿಗೆದಾರ. ಅದನ್ನು ನೇತ್ರಾ ಇಷ್ಟು ದಿನ ಯೋಚಿಸಿರಲೇ ಇಲ್ಲ.

"ಬಾ ಮಗಳ, ಕುಂದರು. ಊಟಾತು?"

ನೇತ್ರಾ ಕೂರಲಿಲ್ಲ. ಮೂಲೆಯಲ್ಲಿ ಖಾಲಿ ಹಿತ್ತಾಳೆ ಕೊಡ ಇತ್ತು. ಕೈಬಳೆ ತೆಗೆದು ಅದರ ಕಂಠಕ್ಕೆ ಬಡಿದಳು.

ಠಣ್. ಠಣ್. ಠಣ್.

ಗುರುಪುತ್ರಪ್ಪನ ಎರಡೂ ಕೈ ಮೇಲೆದ್ದವು. ಒಂದರ ಹಿಂದೊಂದು. ಇಲ್ಲದ ಹಗ್ಗವನ್ನು ಹಿಡಿದು ಎಳೆದವು. ಎಡಗೈ, ಬಲಗೈ, ಎಡಗೈ, ಬಲಗೈ... ಅವನು ತನ್ನ ಕೈಗಳನ್ನು ಬೇರೆಯವರ ಕೈ ನೋಡುವ ಹಾಗೆ ನೋಡಿದ. ಆಮೇಲೆ ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡ.

"ಬಡಿತ ಬಂದಿತ್ತು," ನೇತ್ರಾ ಅಂದಳು.

ಅವನು ಮುಖವನ್ನು ಗೋಡೆಗೆ ತಿರುಗಿಸಿದ.

"ಕಾಕಾ... ಬಡಿತ ಬಂದಿತ್ತು. ನೀವು ಎಲ್ಲಿದ್ರಿ?"

"ಚಾದಂಗಡ್ಯಾಗ." ಗೋಡೆಗೆ ಹೇಳುವ ಹಾಗೆ ಹೇಳಿದ. "ಹತ್ತ ಹೆಜ್ಜಿ... ಹತ್ತ ಹೆಜ್ಜಿ ಅಷ್ಟ. ಗುತ್ತಿಗೆದಾರ ಮಾಲಕ ಕರದಾ. ಹಗ್ಗಾ ಬೇವಿನ ಗಿಡಕ್ಕ ಕಟ್ಟಿ ಹೋದೆ. ಟಾಕಿ ನೌಕರಿ ಮಾತ ತಗದಿದ್ದಾ ಅವ. ಅಷ್ಟೊತ್ತಿಗೆ ಬಡಿತ ಕೇಳತು. ಎದ್ದೆ. 'ಕುಂದರೋ, ಬಕೆಟ್ ಬಿದ್ದ ಸಪ್ಪಳ ಅದು' ಅಂತ ಹೆಗಲ ಮ್ಯಾಲ ಕೈ ಇಟ್ಟಾ."

"ನೀವು ಕುಂತ್ರಿ."

"ಕುಂತೆ."

"ಎಷ್ಟ ಸಲ?"

"ಏಳು ಸಲ ಬಡದಾ ಮಗಳ. ಏಳನೇ ಸಲ ಎರಡಕ್ಕ ನಿಂತು ಬಿಡ್ತು."

ನೇತ್ರಾ ತಾನು ಎಣಿಸಿದ್ದನ್ನು ಅವನಿಗೆ ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ.

ಬಾವಿಯ ಹತ್ತಿರ ಬಾರದ ಭಯ ಅವಳಿಗೆ ಈಗ ಬಂತು... ಬಾವಿಯೊಳಗಿನವನದಲ್ಲ, ಎದುರಿಗೆ ಕೂತವನದು. ಇವನ ಮನೆಯಲ್ಲಿ ಅವಳು ಉಂಡಿದ್ದಳು. ಇವನ ಕಾಲಿಗೆ ಬಿದ್ದು ಅಕ್ಷತೆ ಹಾಕಿಸಿಕೊಂಡಿದ್ದಳು.

"ನಾಳೆ ಎಲ್ಲಾರ ಮುಂದ ಹೇಳ್ರಿ. ಮಣ್ಣ ಹಾಕೂಕಿಂತ ಮೊದಲ. ನಮ್ಮಪ್ಪ ಕುಡದಿರಲಿಲ್ಲ ಅಂತ ಅಷ್ಟ ಹೇಳ್ರಿ, ಸಾಕು."

"ಹೇಳತೀನಿ."

"ಹಿಂಗಲ್ಲ."

ಗುರುಪುತ್ರಪ್ಪ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದ. "ಲಿಂಗದ ಆಣಿ. ಹೇಳತೀನಿ." ಗಂಗಾದೇವಿ ಅಲ್ಲೇ ನಿಂತಿದ್ದಳು. ನೋಡಿದಳು. ಕೇಳಿದಳು.

ಬೆಳಿಗ್ಗೆ ಒಂಬತ್ತಕ್ಕೆ ಎರಡು ಟ್ರ್ಯಾಕ್ಟರ್ ಮುರುಮು ಮಣ್ಣು ಬಂದು ನಿಂತಿತು. ಚಪ್ಪಡಿ ಸರಿಸಿದರು. ಮುಚ್ಚುವ ಮೊದಲು ಬಾವಿಗೆ ಅರಿಷಿಣ ಕುಂಕುಮ ಹಾಕಿ, ಕಾಯಿ ಒಡೆದು, ತಪ್ಪಾಯಿತು ಅನ್ನುವ ರೂಢಿ ನಮ್ಮದು. ಬಾವಿ ಮುಂದೆ ಕಿರಾಣಿ ಅಂಗಡಿ ಇಟ್ಟಿರುವ ತವನಪ್ಪನವರು ಓಣಿಗೆ ಹಿರಿಯರು. ಅವರ ಕೈಯಲ್ಲಿ ಸಹಿಯ ಕಾಗದ. ಗುತ್ತಿಗೆದಾರ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ.

"ಒಂದ ನಿಮಿಷ ನಿಲ್ರಿ," ನೇತ್ರಾ ಮುಂದೆ ಬಂದಳು. "ಕಾಕಾ ಏನೋ ಹೇಳೋರ ಅದಾರ."

ಎಲ್ಲರೂ ತಿರುಗಿದರು. ಗುರುಪುತ್ರಪ್ಪ ಖಾಕಿ ಅಂಗಿ ಹಾಕಿಕೊಂಡು ಬಂದಿದ್ದ.

"ಏನೋ ಗುರುಪುತ್ರ್ಯಾ?" ಗುತ್ತಿಗೆದಾರ ನಕ್ಕ. "ನಿಂದೇನ ಭಾಷಣಾ?"

ಗುರುಪುತ್ರಪ್ಪ ನೆಲ ನೋಡಿದ. "ನಂದೇನಿಲ್ರೀ ಸಾಹೇಬ್ರ. ತಂದಿ ಹ್ವಾದ ಸಂಕಟ, ಹುಡುಗಿ ಏನೇನೋ ಅಂತೈತಿ."

"ಕಾಕಾ! ರಾತ್ರಿ ಲಿಂಗಾ ಹಿಡದು..."

"ಯಾವ ರಾತ್ರಿ? ನಾ ಏನೂ ಹೇಳಿಲ್ಲ."

ನೇತ್ರಾ ಗಂಗಾದೇವಿಯ ಕಡೆ ನೋಡಿದಳು. "ಕಾಕು, ನೀವರೆ ಹೇಳ್ರಿ. ನೀವು ಅಲ್ಲೇ ಇದ್ರಿ." ಗಂಗಾದೇವಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಟ್ರ್ಯಾಕ್ಟರಿನ ಗಾಲಿ ನೋಡುತ್ತ ನಿಂತಳು.

"ಆತಲ್ಲ ತಂಗಿ," ತವನಪ್ಪನವರು ಮೆತ್ತಗೆ ಅಂದರು. "ಸತ್ತವರ ಹೆಸರಲೆ ಜಗಳ ಬ್ಯಾಡ. ಗುರುಪುತ್ರಪ್ಪಾ, ಕಡೀ ಮಾತ ಹೇಳಿಬಿಡು. ಬಡಿತ ಬಂದಿತ್ತೋ ಇಲ್ಲೋ?"

"ಇಲ್ರೀ. ಅವ ಕುಡದಿದ್ದ."

ಠಣ್.

ಹಾಡು ಹಗಲು. ಮೂವತ್ತು ಮಂದಿ. ಚಪ್ಪಡಿ ಇಲ್ಲದ ಬಾವಿ.

ಠಣ್... ಠಣ್.

ಟ್ರ್ಯಾಕ್ಟರಿನ ಇಂಜಿನ್ನು ಧಡಧಡ ಅನ್ನುತ್ತಿತ್ತು. ಚಾಲಕ ತಾನಾಗಿಯೇ ಬಂದ್ ಮಾಡಿದ. ಯಾರದೋ ಕೈಯಿಂದ ತೆಂಗಿನಕಾಯಿ ಉರುಳಿ ಬಾವಿಯೊಳಗೆ ಬಿತ್ತು. ಬಿದ್ದ ಸದ್ದು ಬರಲಿಲ್ಲ.

ಗುರುಪುತ್ರಪ್ಪನ ಕೈ ಎದ್ದವು. ಎಡಗೈ, ಬಲಗೈ, ಎಡಗೈ, ಬಲಗೈ... ಈ ಸಲ ಗಾಳಿ ಎಳೆದ ಹಾಗಿರಲಿಲ್ಲ. ತೋಳಿನ ನರ ಉಬ್ಬಿದ್ದವು. ಹಿಮ್ಮಡಿ ಮಣ್ಣಿನಲ್ಲಿ ಹೂತಿದ್ದವು. ಕೆಳಗೆ ಏನೋ ಭಾರವಾದದ್ದು ತೂಗುತ್ತಿದ್ದ ಹಾಗೆ ಮೈ ಹಿಂದಕ್ಕೆ ಬಾಗಿತ್ತು. ಬಾಯಿ ಮಾತ್ರ ನಿಲ್ಲಲಿಲ್ಲ.

"ಕುಡದಿದ್ದ... ಕುಡದಿದ್ರೀ ಅವ... ಕುಡದಿದ್ದ..."

ಕೈ ಎಳೆಯುತ್ತಿದ್ದವು. ಬಾಯಿ ಸುಳ್ಳು ಹೇಳುತ್ತಿತ್ತು. ಮೂರು... ಬಿಡುವು. ಮೂರು... ಬಿಡುವು. ನೇತ್ರಾ ತುಟಿಯಲ್ಲೇ ಎಣಿಸುತ್ತಿದ್ದಳು. ಏಳನೆಯ ಸಲ ಎರಡು. ಅಲ್ಲಿಗೆ ಅವನ ಕೈ ಸಟ್ಟನೆ ಹಗುರಾದವು. ಹಿಂದಕ್ಕೆ ಬಿದ್ದ.

ನೇತ್ರಾ ಬಾವಿಯ ಕಟ್ಟೆಗೆ ಹೋಗಿ ಬಗ್ಗಿ ನೋಡಿದಳು. ಕತ್ತಲು. ಬಹಳ ಹೊತ್ತು ನೋಡಿದಳು. "ಅಪ್ಪಾ, ನಾ ಕೇಳೀನಿ," ಅಂದಳು. ಅಷ್ಟೇ. ಎದ್ದು ಮನೆ ಕಡೆ ನಡೆದಳು. ಬಿದ್ದವನನ್ನು ದಾಟಿಕೊಂಡೇ ಹೋದಳು, ತಿರುಗಿ ನೋಡಲಿಲ್ಲ.

ಮುರುಮು ಹಾಕಲು ಯಾರೂ ಮುಂದೆ ಬರಲಿಲ್ಲ. ಟ್ರ್ಯಾಕ್ಟರ್ ವಾಪಸ್ಸು ಹೋದವು. ಸಂಜೆ ಚಪ್ಪಡಿಯನ್ನು ಮತ್ತೆ ಎಳೆದು ಮುಚ್ಚಿದರು.

ಈಗ ಕೇಳಿರಿ. ನಾನು ನೇತ್ರಾಳ ಬಾಜೂ ಮನೆಯವನು. ಆ ವಾರವೇ ಒಂದು ಅರ್ಜಿ ಬರೆದು ಮನೆಮನೆಗೆ ಹೋದೆ. ನಾವು ಬಡಿತ ಕೇಳಿದ್ದೇವೆ, ಗುರುಪುತ್ರಪ್ಪನ ಹೇಳಿಕೆ ಸುಳ್ಳು, ಮುತ್ತಪ್ಪ ಕುಡಿದಿರಲಿಲ್ಲ. ಮೂರೇ ಸಾಲು. ಮೂವತ್ತು ಮಂದಿಯಲ್ಲಿ ಒಬ್ಬರೂ ಸಹಿ ಹಾಕಲಿಲ್ಲ. "ಕೇಳಿದ್ದು ಖರೇರೀ, ಬರದ ಕೊಡೂದು ಆಗಂಗಿಲ್ಲ," ಅಂದರು ತವನಪ್ಪನವರು, ಚಹಾ ಕೊಟ್ಟು. ಅವರೇ ರಾತ್ರಿ ಕರೆಂಟು ಹೋದರೆ ಅಂಗಡಿ ಕಟ್ಟೆಯ ಮೇಲೆ ಕೂತು, ಬಂದ ಬೀಗರಿಗೆಲ್ಲ ಈ ಬಾವಿಯ ದೆವ್ವದ ಕತೆ ಹೇಳುತ್ತಾರೆ. ಬಣ್ಣ ಹಚ್ಚಿ ಹೇಳುತ್ತಾರೆ. ದೆವ್ವಕ್ಕೆ ಸಾಕ್ಷಿ ಮೂವತ್ತು ಜನ. ಮುತ್ತಪ್ಪನಿಗೆ ಒಬ್ಬನೂ ಇಲ್ಲ. ಕಾಗದದಲ್ಲಿ ಅವನು ಇವತ್ತಿಗೂ ಕುಡುಕ. ಗುರುಪುತ್ರಪ್ಪ ಇವತ್ತಿಗೂ ಟಾಕಿ ಕಾಯುತ್ತಾನೆ.

ನನ್ನ ಮಾತನ್ನೂ ಕತೆ ಅನ್ನುವವರಿದ್ದರೆ ಮನೆಗೆ ಬರ್ರಿ. ಅವತ್ತು ಅವನು ಬಿದ್ದಾಗ ಎತ್ತಿ ಕೂರಿಸಿದವನು ನಾನೇ. ಮುಷ್ಟಿ ಬಿಡಿಸಿದವನೂ ನಾನೇ. ಎರಡೂ ಅಂಗೈ ಸುಲಿದಿದ್ದವು. ಅಲ್ಲಿ ಹಗ್ಗ ಇರಲಿಲ್ಲ, ಮೂವತ್ತು ಮಂದಿಯನ್ನು ಕೇಳಿರಿ. ಬಲಗೈಯ ಗಾಯದೊಳಗೆ ಹಗ್ಗ ಹೊಸೆಯುವ ತೆಂಗಿನ ನಾರಿನ ಒಂದು ಒದ್ದೆ ಎಳೆ ಸಿಕ್ಕಿಕೊಂಡಿತ್ತು. ಕಿತ್ತು ಒಂದು ಔಷಧಿ ಬಾಟಲಿಯಲ್ಲಿ ಹಾಕಿ, ದೇವರ ಗೂಡಿನ ಬಾಜೂಕೆ ಇಟ್ಟಿದ್ದೇನೆ.

ಒಂಬತ್ತು ತಿಂಗಳಾಯಿತು. ಇಡೀ ಬೇಸಿಗೆ ಹೋಯಿತು. ನಿನ್ನೆ ಮುಚ್ಚಳ ತೆಗೆದು ಮುಟ್ಟಿ ನೋಡಿದೆ.

ಆ ಎಳೆ ಇನ್ನೂ ಒಣಗಿಲ್ಲ.