ಇಲಾರಿಯಾ ಅಜ್ಜಿ ಕೇಳಿದ ಬೇರು

ದೀಪ ಸಣ್ಣ ಮಾಡಿ. ಇದನ್ನ ಜೋರಾಗಿ ಹೇಳೋಕೆ ನನಗೆ ಆಗಲ್ಲ... ನಮ್ಮ ಚಿಕ್ಕಪ್ಪನ ಮಗಳು ಫೆರ್ಮಿನಾಗೆ ಆದದ್ದು.

ನಮ್ಮೂರಿಂದ ರಸ್ತೆಗೆ ಹೋಗಬೇಕಾದ್ರೆ ದಿಣ್ಣೆ ಹತ್ತಬೇಕು. ಅಲ್ಲಿ ಒರತೆ ಪಕ್ಕದ ಇಳಿಜಾರಲ್ಲಿ ಕೆಮ್ಮಿನ ಬೇರು ಬೆಳೀತಿತ್ತು. ಯಾರೂ ಬಿತ್ತಿದ್ದಲ್ಲ. ಕೀಳೋ ಮುಂಚೆ ಬೆಟ್ಟಕ್ಕೆ ಕಾಣಿಕೆ ಅಂತ ಮೂರು ಕೋಕಾ ಎಲೆ ಇಡಬೇಕು, ಹತ್ತು ಗಿಡ ಇದ್ರೆ ಎರಡೇ ಕೀಳಬೇಕು. ನಮ್ಮಲ್ಲಿ ಹಾಲು ಕುಡಿಯೋ ಮಗುವಿಗೂ ಗೊತ್ತು ಅದು. ಆ ವರ್ಷ ಪೇಟೆಯ ಲಾರಿಯವನು ಫೆರ್ಮಿನಾಗೆ, "ಹಸಿ ಬೇರು ಒಂದು ಮೂಟೆ ಕೊಡು, ನಿನ್ನ ಮನೆಗೆ ತಗಡು ಹಾಕಿಸ್ತೀನಿ" ಅಂದ. ಅವಳು ಎಲೆ ಇಡಲಿಲ್ಲ. ಇಡೀ ಇಳಿಜಾರು ಅಗೆದಳು.

ಅದೇ ವಾರ ಪಕ್ಕದ ಮನೆ ಇಲಾರಿಯಾ ಅಜ್ಜಿಗೆ ಎದೆ ಕಟ್ಟಿತು. ಗೋಡೆ ಹಿಡ್ಕೊಂಡು ಫೆರ್ಮಿನಾ ಬಾಗಿಲಿಗೆ ಬಂದಳು. ಗೊರ್... ಗೊರ್... ಅಂತ ಉಸಿರು.

"ಒಂದು ಬೇರು ಇದ್ರೆ ಕೊಡೇ."

"ಇಲ್ಲ ಅಜ್ಜಿ. ಎಲ್ಲಾ ಮುಗೀತು."

ಮೂಟೆ ಬಾಗಿಲ ಹಿಂದೆಯೇ ಇತ್ತು. ಅಜ್ಜಿ ನಕ್ಕಳು. "ಸುಳ್ಳು ಹೇಳೋಕೂ ಉಸಿರು ಬೇಕು ಕಣೇ. ನಿನಗಾದ್ರೂ ಇದೆ, ಇಟ್ಕೋ."

ನಾಲ್ಕನೇ ದಿನ ಅಜ್ಜಿಯನ್ನ ಮಣ್ಣು ಮಾಡಿದೆವು. ಅವತ್ತಿನ ಊಟದಲ್ಲಿ ಫೆರ್ಮಿನಾ ಒಂದು ಆಲೂಗಡ್ಡೆಯನ್ನೂ ಮುಟ್ಟಲಿಲ್ಲ.

ಲಾರಿ ನಸುಕಿಗೆ ಬರ್ತಿತ್ತು. ಆ ರಾತ್ರಿಯೇ ಮೂಟೆ ಹೊತ್ತು ರಸ್ತೆ ಕಡೆ ಹೊರಟಳು. ಗಾಳಿ ಇಲ್ಲ. ಆದ್ರೂ ಒರತೆ ಹತ್ರದ ಮರದ ಕಾಗದದಂಥ ತೊಗಟೆ ಪರಪರ... ಪರಪರ... ಆಮೇಲೆ ಇನ್ನೊಂದು ಸದ್ದು.

ಗೊರ್... ಗೊರ್...

ಇಲಾರಿಯಾ ಅಜ್ಜಿ ಇಳಿಜಾರಲ್ಲಿ ಕೂತಿದ್ದಳು. ಬರಿಗೈಯಲ್ಲಿ ಮಣ್ಣು ಕೆದರ್ತಿದ್ದಳು.

"ಮೂಟೆ ಇಳಿಸು."

"ಅಜ್ಜಿ... ನಾನು ಅವತ್ತೇ ಕೊಡಬೇಕಿತ್ತು."

"ನನಗೆ ಇನ್ನೇನಕ್ಕೆ? ನೆಡು."

ನೆಟ್ಟಳು. ಇವಳು ಬೇರು ಇಟ್ಟಳು, ಅವಳು ಮಣ್ಣು ತಟ್ಟಿದಳು. ತಪ್... ತಪ್... ಫೆರ್ಮಿನಾ ಓಡಲಿಲ್ಲವಂತೆ. "ಹೆದರಿಕೆಗಿಂತ ನಾಚಿಕೆ ದೊಡ್ಡದಾಗಿತ್ತು ಕಣೇ" ಅಂದಳು ನನ್ನ ಹತ್ರ. ಮೂಟೆ ಖಾಲಿಯಾಗೋ ಹೊತ್ತಿಗೆ ಬೆಳಕು ಹರೀತು. ಪಕ್ಕದಲ್ಲಿ ಯಾರೂ ಇಲ್ಲ.

ನೆಟ್ಟಗೆ ಬಂದು ನನ್ನನ್ನ ಎಬ್ಬಿಸಿದಳು. ಇಬ್ಬರೂ ಅಜ್ಜಿಯ ಮಗಳು ಪೌಲಿನಾ ಹತ್ರ ಹೋದೆವು. ಫೆರ್ಮಿನಾ ಹೊಸಿಲಾಚೆ ನಿಂತೇ ಹೇಳಿದಳು.

"ಅಕ್ಕಾ... ಬೇರು ಮನೇಲೇ ಇತ್ತು. ನಾನು ಇಲ್ಲ ಅಂದುಬಿಟ್ಟೆ."

ಪೌಲಿನಾ ಒಲೆ ಊದೋದು ನಿಲ್ಲಿಸಲಿಲ್ಲ. ಒಳಗೆ ಬಾ ಅಂತಲೂ ಅನ್ನಲಿಲ್ಲ.

"ಗೊತ್ತು."

"ಯಾರು ಹೇಳಿದ್ರು?"

"ಅವ್ವ. ಈಗ ತಾನೇ ಬಂದಿದ್ದಳು. ಕೈ ತೊಳೆಯೋಕೆ ಬಿಸಿನೀರು ಕೇಳಿದಳು." ಆಮೇಲೆ ನನ್ನ ಕಡೆ ತಿರುಗಿ, "ಆ ಬೋಗುಣೀಲಿರೋ ನೀರು ಆಚೆ ಚೆಲ್ಲಿಬಿಡಮ್ಮ" ಅಂದಳು.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಆ ನೀರು ಚೆಲ್ಲಿದವಳು ನಾನೇ. ತಳದಲ್ಲಿ ಒಂದು ಹಿಡಿ ಮಣ್ಣಿತ್ತು...

ನೀರು ಇನ್ನೂ ಬೆಚ್ಚಗಿತ್ತು.