ಮತ್ತೊಮ್ಮೆ ಕೇಳಬೇಕಾದ ಸ್ವರ

ಅಲೆವೂರು ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿಯ ಮಡಿಲಲ್ಲಿ ಲ್ಯಾಪ್‌ಟಾಪ್ ಇತ್ತು. ಪಕ್ಕದಲ್ಲಿ ಅವಳ ಸಹಪಾಠಿ ಕುಳಿತಿದ್ದ.

“ಬ್ರ್ಯಾಂಡನ್, ಹಳೆ ಮೊಬೈಲಿನ ರೆಕಾರ್ಡಿಂಗ್‌ನಿಂದ ಗಾಳಿಯ ಸದ್ದು ತೆಗೆದೆ. ತೀರಿಹೋದ ಅಪ್ಪನ ಸ್ವರ ಸ್ಪಷ್ಟ ಕೇಳಿತು.”

“ಸೇವ್ ಮಾಡಿದ್ದಿಯಾ?”

“ಇಲ್ಲ ಮಾರಾಯ. ಬರೀ ಪರೀಕ್ಷೆಗೆ ಅಂತ, ಮುಚ್ಚಿದರೆ ಎಲ್ಲ ಅಳಿಸಿಹೋಗುವ ತಾತ್ಕಾಲಿಕ ಎನ್ವಿರಾನ್‌ಮೆಂಟಿನಲ್ಲಿ ಸದ್ದು ತೆಗೆಯುವ ಪ್ಯಾಕೇಜ್ ಹಾಕಿದ್ದೆ. ಸೆಷನ್ ಮುಚ್ಚಿದ ಕೂಡಲೇ ಪ್ಯಾಕೇಜೂ ಹೋಯಿತು, ಆ ಸ್ವರವೂ ಹೋಯಿತು. ಯಾವ ಪ್ಯಾಕೇಜ್ ಅಂತಲೂ ನೆನಪಿಲ್ಲ.”

“ಅಪ್ಪ ಎಂತ ಹೇಳಿದ್ದು?”

“‘ಮೋಕ್ಷಾ, ಬಲ, ಬಲ’ ಅಂತ ತುಳುವಿನಲ್ಲಿ ಹತ್ತಿರ ಕರೆದದ್ದು. ಅಷ್ಟೇ. ಇನ್ನೊಮ್ಮೆ ಕೇಳಬೇಕು.”

“ನೀನು ಟೈಪ್ ಮಾಡಿದ ಕಮಾಂಡ್ ಎಲ್ಲ ಹಿಸ್ಟರಿಯಲ್ಲಿ ಇರ್ತದೆ, ಅಲ್ವಾ? ಮೇಲಿನ ಬಾಣ ಒತ್ತುತ್ತಾ ಹೋಗು.”

ಅವಳು ಒತ್ತುತ್ತಾ ಹೋದಳು. ಬೆರಳು ಒಮ್ಮೆಲೇ ನಿಂತಿತು.

“ಉಂಟು, ಪ್ಯಾಕೇಜಿನ ಹೆಸರು ಇಲ್ಲೇ ಉಂಟು” ಎಂದಳು.

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಬಸ್ಸು ಹೊರಡುವಾಗ ಅವಳು ಅಲ್ಲೇ ಕಟ್ಟೆಯ ಮೇಲೆ ಕುಳಿತು, ಲ್ಯಾಪ್‌ಟಾಪಿನಲ್ಲಿ ಅದೇ ಕಮಾಂಡ್ ಮತ್ತೆ ಓಡಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು.