ಐದು ನಿಮಿಷಕ್ಕೊಮ್ಮೆ ಕರೆದ ಹೆಸರು

೨೦೨೩ನೇ ಇಸವಿ ಡಿಸೆಂಬರ್ ಹನ್ನೆರಡು, ಮಂಗಳವಾರ. ಹಗಲೆಲ್ಲ ಒಣ ಬಿಸಿಲು, ಸಂಜೆಯ ಮೇಲೆ ಚಳಿ, ಗಾಳಿ ಇಲ್ಲ. ಅಮಾವಾಸ್ಯೆ.

ಆ ರಾತ್ರಿ ಒಂಬತ್ತೂವರೆಗೆ ನಮ್ಮ ಪಕ್ಕದ ಮನೆಯ ರೋಹಿಣಿ ಇಡಗುಂದಿಯ ರೈತ ಸಂಘದ ಆಫೀಸಿಗೆ ಬೀಗ ಹಾಕಿ ಮನೆಗೆ ಹೊರಟಳು. ಜೊತೆಗೆ ಕಾವಲುಗಾರ ಮಾಸ್ತಿ, ಕೈಯಲ್ಲಿ ಟಾರ್ಚು. ಒಳಗೆ ಕಂಪ್ಯೂಟರ್ ಆರಿಸಿರಲಿಲ್ಲ. ಬೇಕೆಂದೇ.

ವಿಷಯ ಇಷ್ಟು. ಅಡವಿಯ ಅಂಚಿನಲ್ಲಿ ಮೂರು ತಲೆಮಾರಿನಿಂದ ಉಳುತ್ತಿದ್ದ ಮೂವತ್ತೊಂದು ಮನೆಯವರ ಜಮೀನಿನ ವಿಚಾರಣೆ ಮರುದಿನ ಹನ್ನೊಂದಕ್ಕೆ ಶಿರಸಿಯಲ್ಲಿತ್ತು. ಬೇಕಾದದ್ದು ಒಂದು ನಕ್ಷೆ. ಅಳತೆ ಮಾಡಿದವನು ಅದನ್ನು ಸಂಘದ ಕಾರ್ಯದರ್ಶಿ ವೆಂಕಟ್ರಮಣನಿಗೆ ಮೇಲ್ ಮಾಡಿದ್ದ. ಆಮೇಲೆ ತನ್ನ ಲ್ಯಾಪ್‌ಟಾಪನ್ನು ಹೊಳೆಗೆ ಬೀಳಿಸಿಕೊಂಡಿದ್ದ. ವೆಂಕಟ್ರಮಣ ಏಪ್ರಿಲ್‌ನಲ್ಲಿ ತೀರಿಕೊಂಡ. ಅವನ ಪತ್ರಗಳೆಲ್ಲ ದೂರದ ಯಾವುದೋ ಕಂಪನಿಯ ಸರ್ವರಿನಲ್ಲಿ ಉಳಿದವು. ಆ ಸರ್ವರನ್ನು ಆ ಮಂಗಳವಾರ ನಡುರಾತ್ರಿ ಮುಚ್ಚುತ್ತಾರೆಂದು ರೋಹಿಣಿಗೆ ಗೊತ್ತಾದದ್ದು ಅವತ್ತೇ ಮಧ್ಯಾಹ್ನ.

ಇಡಗುಂದಿಯಲ್ಲಿ ನೆಟ್ ಬಂದರೆ ಬಂತು. ಅದಕ್ಕೇ ಅವಳು ಒಂದು ಪ್ರೋಗ್ರಾಮ್ ಹಾಕಿದಳು. ಅದು ತಾನಾಗಿ ಸರ್ವರಿಗೆ ಹೋಗುತ್ತದೆ, ಹೆಸರು ಹೇಳುತ್ತದೆ, ಇದ್ದ ಪತ್ರ ಹೊತ್ತು ತರುತ್ತದೆ. ಸಿಗದಿದ್ದರೆ ಮತ್ತೆ ಹೋಗುತ್ತದೆ. ಅದಕ್ಕೆ ಬರೆದುಕೊಡಬೇಕಾದದ್ದು ನಾಲ್ಕೇ ಸಾಲು. ಸರ್ವರಿನ ವಿಳಾಸ. ಹೆಸರು. ಪಾಸ್‌ವರ್ಡು. ಎಷ್ಟು ನಿಮಿಷಕ್ಕೊಮ್ಮೆ. ಪಾಸ್‌ವರ್ಡು ವೆಂಕಟ್ರಮಣನ ನೋಟುಬುಕ್ಕಿನಲ್ಲಿತ್ತು.

ತೊಡಕಾದದ್ದು ಎರಡನೇ ಸಾಲಿನಲ್ಲಿ. ವರ್ಷದ ಕಾರ್ಯ ಮುಗಿಯುವವರೆಗೆ ನಮ್ಮ ಕೇರಿಯಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಬರೆಯುವುದೂ ಇಲ್ಲ. ಆ ರೂಢಿಯಲ್ಲೇ ರೋಹಿಣಿ ಹೆಸರಿನ ಜಾಗದಲ್ಲಿ ಕಾರ್ಯದರ್ಶಿ ಎಂದು ಹಾಕಿ ಎರಡು ತಾಸು ಕಳೆದಳು. ಸರ್ವರು ಒಳಗೇ ಬಿಡಲಿಲ್ಲ. ಕಡೆಗೆ ಹೆಸರನ್ನೇ ಹಾಕಲು ಹೋದಾಗ ಸಂಘದ ಅಧ್ಯಕ್ಷ ಸುಭಾಷ ಕೈ ಅಡ್ಡ ಹಿಡಿದ.

"ಬರೆದ್ರೆ ಕರೆದಾಂಗೆ. ಅದೂ ಐದೈದು ನಿಮಿಷಕ್ಕೆ."

"ಕರೀಲಿ. ನಾಳೆ ನಕ್ಷೆ ಇಲ್ದೆ ಹೋದ್ರೆ ನಮ್ಮನ್ನೇ ಯಾರೂ ಹೆಸರು ಹಿಡ್ದು ಕರಿಯೂದಿಲ್ಲ, ಸುಭಾಷಣ್ಣ."

ಬರೆದಳು. ಪೂರ್ತಿ ಹೆಸರು. ಆದರೂ ಒಂಬತ್ತೂವರೆಯವರೆಗೆ ಒಂದು ಪತ್ರವೂ ಬರಲಿಲ್ಲ.

ಮನೆಯ ದಾರಿಯಲ್ಲಿ ಸಿಗುವ ಊರ ಬಾವಿ ಆಫೀಸಿನಿಂದ ಇನ್ನೂರು ಹೆಜ್ಜೆ. ಅದರ ಹತ್ತಿರ ಬಂದಾಗ...

ಕಟಕ್.

ಅಡಕತ್ತರಿಯ ಬಾಯಲ್ಲಿ ಒಣ ಅಡಿಕೆ ಎರಡಾಗುವ ಸದ್ದು. ಹಿಂದೆಯೇ ಸುಣ್ಣದ ಡಬ್ಬಿಯ ಮುಚ್ಚಳ... ಟಿಕ್.

ಮಾಸ್ತಿ ಟಾರ್ಚು ಆರಿಸಿದ. ಯಾಕೆ ಆರಿಸಿದನೆಂದು ಅವನಿಗೇ ಇವತ್ತಿಗೂ ಗೊತ್ತಿಲ್ಲ.

"ತಂಗೀ... ಕೇಳ್ತಾ?"

"ಕೇಳ್ತು."

"ಅವರದೇ ಅಡಕತ್ತರಿ."

ವೆಂಕಟ್ರಮಣ ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದದ್ದು ಈ ಬಾವಿಕಟ್ಟೆಯ ಮೇಲೆ ಕೂತೇ. ದುಡ್ಡು ಮುಟ್ಟಿದವನಲ್ಲ. ಒಂದು ಕವಳ ಕೊಟ್ಟರೆ ಆಯಿತು: ಎರಡು ಎಲೆ, ಸುಣ್ಣ, ಅರ್ಧ ಅಡಿಕೆ. ಇಡೀ ಅಡಿಕೆ ಕೊಟ್ಟವರಿಗೆ ಅರ್ಧ ಕತ್ತರಿಸಿ ವಾಪಸ್ ಕೊಡುತ್ತಿದ್ದ.

ರೋಹಿಣಿ ಮೊಬೈಲ್ ನೋಡಿದಳು. ಒಂಬತ್ತು ಮೂವತ್ತೈದು. ಇಬ್ಬರೂ ನಿಂತಲ್ಲೇ ನಿಂತರು. ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು.

ಕಟಕ್. ಈ ಸಲ ಹತ್ತಿರ.

"ನಿನ್ ಮಿಷನ್ನು ಕರದಾಗೆಲ್ಲ ಬರ್ತಿದ್ದಾರೆ. ಹೋಗಿ ಆರ್ಸಿ ಬಾ, ಮಾರಾಯ್ತಿ."

"ಆರ್ಸೂದಿಲ್ಲ."

"ನಂಗೆ ಹೆಂಡ್ತಿ ಮಕ್ಳು ಇದ್ದಾರೆ."

"ಅವ್ರಿರೂ ಮನೆನೂ ಆ ಮೂವತ್ತೊಂದರಲ್ಲೇ ಉಂಟು, ಮಾಸ್ತಣ್ಣ."

ರೋಹಿಣಿಗೂ ಹೆದರಿಕೆ ಇಲ್ಲದೆ ಇರಲಿಲ್ಲ. ಸೆರಗಿನ ತುದಿ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಆದರೂ ಬಾವಿಯ ಕಡೆಗೇ ಮುಖ ತಿರುಗಿಸಿದಳು.

"ವೆಂಕಟ್ರಮಣಣ್ಣ. ಬರೂದಾದ್ರೆ ಬರಿಗೈಲಿ ಬರ್ಬೇಡಿ. ನಕ್ಷೆ ತಗಂಡು ಬನ್ನಿ."

ಬಾವಿಯ ಗಾಲಿ ಕಿರ್ರ್... ಎಂದು ಅರ್ಧ ಸುತ್ತು ತಿರುಗಿತು. ಅದರಲ್ಲಿ ಹಗ್ಗ ಇರಲಿಲ್ಲ. ಯಾರೋ ಗಂಟಲು ಸರಿಮಾಡಿಕೊಂಡರು.

"...ಕವಳ?"

"ಕೆಲಸ ಆದ್ಮೇಲೆ."

ಸದ್ದಿಗಿಂತ ಅವಳ ಆ ಉತ್ತರಕ್ಕೇ ತಾನು ಹೆಚ್ಚು ಹೆದರಿದ್ದು ಎನ್ನುತ್ತಾನೆ ಮಾಸ್ತಿ.

ರೋಹಿಣಿ ಮನೆಗೆ ಹೋಗಲಿಲ್ಲ. ತಿರುಗಿ ಬಂದು, ಬೀಗ ತೆಗೆದು, ಕಂಪ್ಯೂಟರಿನ ಮುಂದೆ ಕೂತಳು. ಹತ್ತು ಗಂಟೆ... ಏನೂ ಇಲ್ಲ. ಹನ್ನೊಂದು... ಏನೂ ಇಲ್ಲ. ಹನ್ನೊಂದು ನಲವತ್ತಕ್ಕೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಆಮೇಲೆ ಇನ್ನೊಂದು. ಪತ್ರಗಳು ಒಂದೊಂದಾಗಿ ಇಳಿಯತೊಡಗಿದವು. ಒಟ್ಟು ನೂರಹದಿನೇಳು. ನಕ್ಷೆ ಇದ್ದದ್ದು ಕಡೆಯದರಲ್ಲಿ. ಅದು ಬಂದಾಗ ನಡುರಾತ್ರಿಗೆ ಎರಡು ನಿಮಿಷ ಬಾಕಿ.

ಮರುದಿನ ಶಿರಸಿಯಲ್ಲಿ ಸಾಹೇಬರು ನಕ್ಷೆಯನ್ನು ಮೇಜಿನ ಮೇಲೆ ಹರಡಿ ಮೂವತ್ತೊಂದು ಹೆಸರನ್ನೂ ಓದಿಸಿದರು. ಒಂದು ಮನೆಯೂ ಬಿಟ್ಟುಹೋಗಲಿಲ್ಲ.

ಊರಿಗೆ ವಾಪಸ್ಸಾದ ಮೇಲೆ ತಿಳಿದದ್ದು: ಡೀಸೆಲ್ ಮುಗಿದು ಇಡಗುಂದಿಗೆ ನೆಟ್ ಕೊಡುವ ಒಂದೇ ಟವರು ಹಿಂದಿನ ರಾತ್ರಿ ಒಂಬತ್ತಕ್ಕೇ ನಿಂತಿತ್ತು. ಮತ್ತೆ ಶುರುವಾದದ್ದು ಬೆಳಗ್ಗೆ ಆರಕ್ಕೆ. ಸುಭಾಷ ಮೂರು ಸಲ ವಿಚಾರಿಸಿಕೊಂಡು ಬಂದ. ನಂಬದವರು ಬಿಡಲಿ. ಇದು ನಡೆದದ್ದು, ನಕ್ಷೆ ಸಂಘದ ಕಪಾಟಿನಲ್ಲಿದೆ, ಬಂದ ಹೊತ್ತೂ ಆ ಪತ್ರದ ಮೇಲೆಯೇ ಇದೆ.

ಅಂದು ಸಂಜೆ ರೋಹಿಣಿ ಪ್ರೋಗ್ರಾಮಿನ ಎರಡನೇ ಸಾಲು ಅಳಿಸಿದಳು. ಆಮೇಲೆ ಒಬ್ಬಳೇ ಹೋಗಿ ಬಾವಿಕಟ್ಟೆಯ ಮೇಲೆ ಎರಡು ವೀಳ್ಯದೆಲೆ, ಚಿಟಿಕೆ ಸುಣ್ಣ, ಒಂದು ಇಡೀ ಅಡಿಕೆ ಇಟ್ಟು ಬಂದಳು. ಅಡಕತ್ತರಿ ಇಟ್ಟಿರಲಿಲ್ಲ. ವೆಂಕಟ್ರಮಣನ ಅಡಕತ್ತರಿ ಅವನ ಹೆಂಡತಿ ದುರ್ಗಿಯ ಟ್ರಂಕಿನಲ್ಲಿತ್ತು, ಬೀಗದೊಳಗೆ.

ಬೆಳಗ್ಗೆ ನೀರಿಗೆ ಹೋದ ಹೆಂಗಸರು ನೋಡಿದರು. ಎಲೆ ಇರಲಿಲ್ಲ, ಸುಣ್ಣ ಇರಲಿಲ್ಲ. ಅರ್ಧ ಅಡಿಕೆ ಕಟ್ಟೆಯ ಮೇಲೇ ಇತ್ತು.